ದಾಯಾದಿ ಸಂರಕ್ಷಿತ ಸ್ಮಾರಕ

ಅನುಗೊಂಡನಹಳ್ಳಿಯಲ್ಲಿ ಒಂದು ತೊಟ್ಟಿಮನೆ ಇದೆ ಎಂದುಕೊಳ್ಳಿ. ಎಂದುಕೊಳ್ಳುವುದೇ ಕ್ಷೇಮ. ಇದೆ ಎಂದು ಖಡಾಖಂಡಿತವಾಗಿ ಬರೆದುಬಿಟ್ಟರೆ, ಈ ಬರಹ ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ಅಲ್ಲೊಂದು ಗೋಡೌನೋ, ಪಿಜಿಯೋ, ನಾಲ್ಕಂತಸ್ತಿನ ಬಾಡಿಗೆ ಮನೆಯೋ ಎದ್ದು ನಿಂತು ನನ್ನನ್ನು ಸುಳ್ಳುಗಾರನನ್ನಾಗಿ ಮಾಡೀತು.

ಎರಡಡಿ ದಪ್ಪದ ಮಣ್ಣಿನ ಗೋಡೆ, ಮರದ ಕಂಬ, ಮೇಲೆ ತೊಲೆ ಜಂತೆ, ನಡುವೆ ಆಕಾಶವೇ ಇಳಿದು ಬಂದು ಕೂರುವ ತೊಟ್ಟಿ, ಬೀದಿಗೆ ಮುಖ ಮಾಡಿದ ಜಗಲಿ. ಬಾಗಿಲುವಾಡದ ನೆತ್ತಿಯ ಮೇಲೆ ಗಜಲಕ್ಷ್ಮಿ. ಆಕೆಯ ಎಡಗಡೆಯ ಆನೆಗೆ ಸೊಂಡಿಲಿಲ್ಲ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರದಲ್ಲಿ, ವೈಟ್‌ಫೀಲ್ಡಿನ ರೇಟು ಗಾಳಿಯಲ್ಲೇ ತೇಲಿ ಬರುವಷ್ಟು ಸಮೀಪದಲ್ಲಿ, ಎಮ್ಮೆ ಕಟ್ಟುವ ಗೂಟದ ಜಾಗಕ್ಕೂ ಚದರಡಿ ಲೆಕ್ಕ ಹಾಕುವ ಕಾಲದಲ್ಲಿ ಇಂಥದ್ದೊಂದು ಮನೆ ನೆಟ್ಟಗೆ ನಿಂತಿದೆಯೆಂದರೆ ಯಾವುದೋ ಬಲವಾದ ಕಾನೂನು ಅದರ ಬೆನ್ನಿಗಿರಲೇಬೇಕು ಅನ್ನಿಸಿತು. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಹಿರಿಯರನ್ನು ಕೇಳಿದೆ.

“ಯಜಮಾನ್ರೇ, ಇದನ್ನ ಇಷ್ಟು ದಿನ ಯಾರೂ ಕೆಡವಲಿಲ್ವಾ?”

“ಸ್ಟೇ ಐತೆ ಸಾ.”

“ಪುರಾತತ್ವ ಇಲಾಖೆಯವರದ್ದಾ?”

“ನಮ್ ತಮ್ಮುಂದು.”

ತಂದೆಯ ವರ್ಷದ ತಿಥಿ ಮುಗಿದ ಮರುವಾರ ತಮ್ಮ ಪಾಲುಪಾರೀಕತ್ತಿನ ದಾವೆ ಹೂಡಿದ್ದಾನೆ. ಆಗ ಅವನಿಗೆ ಮೀಸೆ ಕಪ್ಪಗಿತ್ತು, ಈಗ ಮೊಮ್ಮಕ್ಕಳಿದ್ದಾರೆ. ಕೇಸು ಮಾತ್ರ ಇನ್ನೂ ಎಳೆಯದು. ವಾಯಿದೆಯಿಂದ ವಾಯಿದೆಗೆ ಅಂಬೆಗಾಲಿಡುತ್ತಾ ಸಾಗಿದೆ. ಮೊದಲ ಲಾಯರು ತೀರಿಕೊಂಡರು, ಎರಡನೆಯವರು ರಾಜಕೀಯಕ್ಕೆ ಹೋದರು, ಮೂರನೆಯವರು ಮೊದಲನೆಯವರ ಮಗ. ಒಂದು ಹೆಂಚು ಕದಲಿಸಿದರೂ ನ್ಯಾಯಾಂಗ ನಿಂದನೆ ಎಂದು ಯಾರೋ ಹೇಳಿದ್ದಾರಂತೆ. ಹಾಗಾಗಿ ಸೋರುವ ಕಡೆ ಬಕೆಟ್ ಇಟ್ಟಿದ್ದಾರೆ. ಬಕೆಟ್ ಇಡಲು ಕೋರ್ಟಿನ ಅಪ್ಪಣೆ ಬೇಕಿಲ್ಲವಂತೆ. ಅದನ್ನೂ ಲಾಯರಿಗೆ ಫೀಸು ಕೊಟ್ಟೇ ಕೇಳಿಕೊಂಡಿದ್ದಾರೆ.

ಹಳೆಯ ಕಟ್ಟಡ ಕೆಡವುವುದನ್ನು ತಡಮಾಡಿಸಲು ಬೇರೆ ದೇಶಗಳವರು ಪಟ್ಟ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಕೇಂಬ್ರಿಜ್ ಎಂಬ ಊರು 1979ರಲ್ಲಿ ಇದಕ್ಕೆಂದೇ ಒಂದು ಸ್ಥಳೀಯ ನಿಯಮ ಮಾಡಿತು. ಐವತ್ತು ವರ್ಷ ದಾಟಿದ ಕಟ್ಟಡವನ್ನು ಕೆಡವಬೇಕೆಂದರೆ ಮೊದಲು ಊರಿನ ಆಯೋಗದ ಮುಂದೆ ನಿಲ್ಲಬೇಕು. ಅವರು ನೋಡಿ, ಇದು ಮಹತ್ವದ್ದು, ಉಳಿದರೆ ಊರಿಗೆ ಒಳ್ಳೆಯದು ಎಂದರೆ ಮಾಲೀಕ ಕಾಯಬೇಕು. ಅಷ್ಟರೊಳಗೆ ಪುಣ್ಯಾತ್ಮರು ಯಾರಾದರೂ ಕೊಂಡುಕೊಳ್ಳಲಿ, ಬೇರೆ ದಾರಿ ತೋರಿಸಲಿ ಎಂಬ ಆಸೆ. ಪಕ್ಕದ ಬಾಸ್ಟನ್ನಿನಲ್ಲಿ ಈ ಕಾಯುವಿಕೆ 90 ದಿನ. ಕೆಲವು ಊರುಗಳಲ್ಲಿ ಆರು ತಿಂಗಳು, ಇನ್ನು ಕೆಲವೆಡೆ ವರ್ಷ. ಗಡುವು ಮುಗಿದ ಮೇಲೆ ಕೆಡವಿಕೊಳ್ಳಬಹುದು. ಇದಕ್ಕಾಗಿ ಸಭೆ, ಅಹವಾಲು, ಫೋಟೋ, ವರದಿ, ಊರವರೆಲ್ಲ ಸಂಜೆ ಹೊತ್ತು ಬಂದು ಕೂತು ವಾದ. ತೊಂಬತ್ತು ದಿನಕ್ಕೆ ಇಷ್ಟು ರಗಳೆ! ನಮ್ಮ ಯಜಮಾನರಿಗೆ ಇದನ್ನು ಹೇಳಿದಾಗ ಅವರು ಎಲೆಯ ರಸ ಉಗಿದು ಬಂದು, “ತೊಂಬತ್ ದಿನದಾಗೆ ನಮ್ಕಡೆ ಸಮನ್ಸೇ ಜಾರಿ ಆಗಕಿಲ್ಲ ಸಾ” ಎಂದರು. ದನಿಯಲ್ಲಿ ಅಮೆರಿಕದ ಬಗ್ಗೆ ಸಣ್ಣ ಕನಿಕರವಿತ್ತು.

ಅಂದಹಾಗೆ, ಅದೇ 1979ರಲ್ಲಿ ನಮ್ಮ ದೇಶಕ್ಕೂ ಒಂದು ಹೊಸ ವ್ಯವಸ್ಥೆ ಬಂತು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನವರ ಹೆಸರಿನ ಮೊದಲಕ್ಷರಗಳನ್ನು ಮೈಮೇಲೆ ಬರೆದುಕೊಂಡ ಹಳದಿ ಯಂತ್ರದ ಕಂಪನಿ ಭಾರತದಲ್ಲಿ ಅಂಗಡಿ ತೆರೆದದ್ದು ಅದೇ ವರ್ಷ. ಪಾಪ, ಯಂತ್ರದ ತಪ್ಪೇನಿಲ್ಲ, ಅದು ಕೆರೆ ಹೂಳನ್ನೂ ಎತ್ತುತ್ತದೆ. ಆದರೆ ಶನಿವಾರ ರಾತ್ರಿ ಹನ್ನೊಂದರ ಮೇಲೆ ಬೀದಿಗೆ ಬಂತೆಂದರೆ ಹೂಳೆತ್ತಲು ಬಂದಿಲ್ಲ ಎಂದು ಹೋಬಳಿಯ ನಾಯಿಗಳಿಗೂ ಗೊತ್ತು. ಭಾನುವಾರ ಕಚೇರಿಗೆ ರಜೆ. ಸೋಮವಾರ ಬೆಳಿಗ್ಗೆ ಯಾರಾದರೂ ಸ್ಟೇ ತರುವ ಹೊತ್ತಿಗೆ ಸೈಟು ಸಪಾಟಾಗಿರುತ್ತದೆ. ಬಂದ ತಡೆಯಾಜ್ಞೆ ಖಾಲಿ ಜಾಗವನ್ನು ಶ್ರದ್ಧೆಯಿಂದ ಕಾಯುತ್ತದೆ.

ತಡೆಯುವ ವಿದ್ಯೆಯಲ್ಲಿ ನಮ್ಮವರೇನೂ ಹಿಂದೆ ಬಿದ್ದವರಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ ತಂದರು, ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ಹೊಸಕೋಟೆ ತಾಲ್ಲೂಕಿನ ಕಲ್ಲುಗಳಿಗೂ ಅದರಲ್ಲಿ ನಂಬರು ಬಿದ್ದಿದೆ. ಯಾವ ಸಂಪುಟವನ್ನಾದರೂ ತೆರೆಯಿರಿ, ದಾನಶಾಸನಗಳ ಕೊನೆಗೆ ಒಂದು ಶಾಪಾಶಯ ಬರುತ್ತದೆ. ಈ ಧರ್ಮವನ್ನು ಅಳಿಪಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ. ಅಷ್ಟಕ್ಕೂ ಬಗ್ಗದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಬೇಕು. ಬಾಸ್ಟನ್ನಿನ ತೊಂಬತ್ತು ದಿನವೆಲ್ಲಿ, ನಮ್ಮ ಅರವತ್ತು ಸಾವಿರ ವರ್ಷವೆಲ್ಲಿ! ಅಪೀಲಿಲ್ಲ, ಜಾಮೀನಿಲ್ಲ, ಸಾಕ್ಷಿ ತಿರುಗಿಬೀಳುವ ಭಯವಿಲ್ಲ. ಕೆಲವು ಕಡೆ ಓದು ಬಾರದವರಿಗೂ ತಿಳಿಯಲೆಂದು ಕತ್ತೆಯ ಚಿತ್ರ ಕೆತ್ತಿ ವಿಷಯ ಇನ್ನೂ ಸ್ಪಷ್ಟಪಡಿಸಿದ್ದಾರೆ. ಆ ಚಿತ್ರವನ್ನು ಇಲ್ಲಿ ವಿವರಿಸಲಾರೆ, ಮನೆಮಂದಿ ಓದುವ ಪತ್ರಿಕೆ.

ಆಮೇಲೆ ನಾವು ಸುಧಾರಿಸಿದೆವು. 1958ರ ಕೇಂದ್ರ ಕಾಯ್ದೆ ಬಂದಾಗ ಅರವತ್ತು ಸಾವಿರ ವರ್ಷದ ಶಿಕ್ಷೆ ಮೂರು ತಿಂಗಳಿಗೆ ಇಳಿಯಿತು, ಇಲ್ಲವೇ ಐದು ಸಾವಿರ ರೂಪಾಯಿ ದಂಡ. ಕೋಟೆಗಳ ಮುಂದೆ ಈಗಲೂ ನಿಂತಿರುವ ನೀಲಿ ಬೋರ್ಡಿನಲ್ಲಿ ಇದನ್ನು ಓದಿರುತ್ತೀರಿ. ಬೋರ್ಡಿನ ಮೇಲೆ ಪ್ರೇಮಿಗಳು ಹೆಸರು ಗೀಚದಿದ್ದ ಭಾಗದಲ್ಲಿ. 2010ರಲ್ಲಿ ಶಿಕ್ಷೆಯನ್ನು ಎರಡು ವರ್ಷಕ್ಕೆ, ದಂಡವನ್ನು ಒಂದು ಲಕ್ಷಕ್ಕೆ ಏರಿಸಿದರು. ಸ್ಮಾರಕದ ಸುತ್ತ ನೂರು ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಕೇಳಿ ಕಟ್ಟಬೇಕು. ಆದರೆ ಈ ಭಾಗ್ಯವೆಲ್ಲ ಸ್ಮಾರಕವೆಂದು ಘೋಷಣೆಯಾದದ್ದಕ್ಕೆ. ಘೋಷಣೆಯಾಗಲು ಕನಿಷ್ಠ ನೂರು ವರ್ಷ ಆಗಿರಬೇಕು.

ನಮ್ಮ ತೊಟ್ಟಿಮನೆಗೆ ಎಷ್ಟು ವರ್ಷ? ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಉದ್ದ ಅಗಲ ಚೆಕ್ಕುಬಂದಿ ಇದೆ, ಹುಟ್ಟಿದ ದಿನಾಂಕವಿಲ್ಲ. ಯಜಮಾನರ ಅಜ್ಜಿ ಬದುಕಿದ್ದಾಗ, ಪ್ಲೇಗ್ ಮಾರಿ ಬಂದು ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಲ್ಲ, ವಾಪಸು ಬಂದ ಮೇಲೆ ಕಟ್ಟಿದ್ದು ಎನ್ನುತ್ತಿದ್ದರಂತೆ. ಬೆಂಗಳೂರಿಗೆ ಪ್ಲೇಗ್ ಹೊಕ್ಕಿದ್ದು 1898ರಲ್ಲಿ. ಲೆಕ್ಕ ಸರಿಹೋಯಿತು ಎಂದು ನಾನು ಕುಣಿದೆ. ಕಚೇರಿಯಲ್ಲಿ ಅಜ್ಜಿಯ ಮಾತಿಗೆ ದಾಖಲೆ ಕೇಳುತ್ತಾರೆ. ದಾಖಲೆಯಿದ್ದರೆ ಅಜ್ಜಿಯೇಕೆ ಬೇಕಿತ್ತು? 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನು ಹಾರಿಸಿ ಗ್ರಾಮಠಾಣಾ ಅಳೆಯುತ್ತಾರಲ್ಲ, ಅದಾದರೂ ಗುರುತಿಸೀತೇ ಎಂದುಕೊಂಡೆ. ಆಕಾಶದಿಂದ ನೋಡುವ ಡ್ರೋನಿಗೆ ಗಜಲಕ್ಷ್ಮಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಡುವೆ ಚೌಕಾಕಾರದ ತೂತು ಬಿದ್ದ ಚಾವಣಿ. ತೂತು ಮುಚ್ಚಿಸಿಕೊಳ್ಳಿ ಎನ್ನದಿದ್ದರೆ ಸಾಕು.

ರಾಜ್ಯದಲ್ಲಿ ಕಾನೂನಿಗೆ ಬರವೇ? 1961ರ ಸ್ಮಾರಕಗಳ ಕಾಯ್ದೆಯಿದೆ. ಅದೇ ವರ್ಷದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿದೆ, ಅದರೊಳಗೆ ತಡವಾಗಿಯಾದರೂ ಪಾರಂಪರಿಕ ಕಟ್ಟಡವೆಂದರೇನು ಎಂಬ ವ್ಯಾಖ್ಯೆಯೂ ಬಂದು ಕೂತಿದೆ. ಬೆಂಗಳೂರಿನ ವಲಯ ನಿಯಮಗಳಿಗೆ 2020ರಲ್ಲಿ ಪರಂಪರೆಯ ಅಧ್ಯಾಯ ಸೇರಿ, ಕಟ್ಟಡಗಳಿಗೆ ಒಂದನೇ, ಎರಡನೇ, ಮೂರನೇ ದರ್ಜೆಯ ಏರ್ಪಾಡಾಯಿತು. ಕೆಡವುವ ಮುನ್ನ ಸಮಿತಿಯನ್ನು ಕೇಳಬೇಕಾಯಿತು. ದರ್ಜೆಗೂ ಮೊದಲು ಪಟ್ಟಿ ಆಗಬೇಕು. ಈ ಪಟ್ಟಿ ಎಂಬುದಿದೆಯಲ್ಲ, ಅದರಷ್ಟು ಚುರುಕಾಗಿ ಕಟ್ಟಡ ಕೆಡವುವ ಯಂತ್ರವನ್ನು ಬ್ಯಾಮ್‌ಫರ್ಡ್ ಮಹಾಶಯರೂ ಕಂಡುಹಿಡಿಯಲಿಲ್ಲ. ಪಟ್ಟಿ ಮಾಡಲು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಹತ್ತು ವರ್ಷದಿಂದ ನೋಡೋಣ ಮಾಡೋಣ ಎನ್ನುತ್ತಿದ್ದ ಮಾಲೀಕ ಅವತ್ತೇ ರಾತ್ರಿ ಯಂತ್ರದವನಿಗೆ ಫೋನು ಮಾಡುತ್ತಾನೆ. ಅವನನ್ನೇಕೆ ಬೈಯಲಿ? ಪಟ್ಟಿಗೆ ಸೇರಿದ ಮನೆಯ ಹೆಂಚು ಬದಲಿಸಲು ದುಡ್ಡು ಯಾರೂ ಕೊಡುವುದಿಲ್ಲ. ಬದಲಿಸಬೇಡ ಎನ್ನಲು ಮಾತ್ರ ಹನ್ನೆರಡು ಜನ ಬರುತ್ತಾರೆ, ಅವರಿಗೆ ಕಾಫಿಯನ್ನೂ ಅವನೇ ಕೊಡಬೇಕು.

ಕೆಡವುವುದರಲ್ಲಿ ಖಾಸಗಿಯವರಿಗೆ ದಾರಿ ತೋರಿದ್ದು ಸರ್ಕಾರವೇ. ಹದಿನೆಂಟು ಇಲಾಖೆ ಕೂರಲೆಂದು 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನೇ 1980ರ ದಶಕದ ಆರಂಭದಲ್ಲಿ ಬೀಳಿಸಿ ಹೊಸದು ಕಟ್ಟಲು ಹೊರಟಿದ್ದರು. ಜನ ಹೈಕೋರ್ಟಿಗೆ ಹೋದರು. ಹೈಕೋರ್ಟು ಇದ್ದದ್ದು ಅದೇ ಕಟ್ಟಡದಲ್ಲಿ. ತನ್ನ ತಲೆಯ ಮೇಲಿನ ಸೂರಿನ ವಿಚಾರವನ್ನು ಆ ಸೂರಿನಡಿಯೇ ಕೂತು ಆಲಿಸಬೇಕಾಯಿತು. ಕಟ್ಟಡ ಉಳಿಯಿತು. ಇದರ ಗುಟ್ಟು ನನಗೆ ಈಗ ಹೊಳೆಯುತ್ತಿದೆ: ಹಳೆಯ ಕಟ್ಟಡವೊಂದು ಉಳಿಯಬೇಕಾದರೆ ಅದರೊಳಗೆ ಕೋರ್ಟಿರಬೇಕು, ಇಲ್ಲವೇ ಅದು ಕೋರ್ಟಿನೊಳಗಿರಬೇಕು.

ಲಾಲ್‌ಬಾಗಿನ ಕ್ರುಂಬಿಗಲ್ ಹಾಲಿಗೆ ಈ ಎರಡು ಯೋಗವೂ ಇರಲಿಲ್ಲ. 1860ರ ಸುಮಾರಿಗೆ ಕಟ್ಟಿದ್ದು. ಗಿಡ ಬೆಳೆದು ಗೋಡೆ ಸೀಳಿ, ಭಾಗವೊಂದು ಕುಸಿದ ಮೇಲೆ 2017ರ ನವೆಂಬರಿನಲ್ಲಿ ನೆಲಸಮ ಮಾಡಿದರು. ತೋಟಗಾರಿಕೆಯಲ್ಲಿ ಹೆಸರಾದ ಮನುಷ್ಯನ ಹೆಸರಿನ ಕಟ್ಟಡವನ್ನು ತೋಟಗಾರಿಕೆ ಇಲಾಖೆಯ ಅಂಗಳದಲ್ಲೇ ಗಿಡಗಳು ತಿಂದವು. ಇದನ್ನು ವಿಡಂಬನೆ ಮಾಡಲು ನನ್ನಂಥವರಿಗೆ ಏನು ಉಳಿದಿದೆ ಹೇಳಿ.

ಮೈಸೂರಿನದು ನಗುವ ಕಥೆಯಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು, 2016ರ ಆಗಸ್ಟಿನಲ್ಲೇ, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಬಿತ್ತು. ಉಳಿಸಬಹುದು ಎಂದ ತಜ್ಞರು ಒಂದು ಕಡೆ, ಕೆಡವಲೇಬೇಕು ಎಂದ ತಜ್ಞರು ಇನ್ನೊಂದು ಕಡೆ, ನಡುವೆ ಸೊಪ್ಪು ಹೂವು ಬಾಳೆಹಣ್ಣು ಮಾರುವವರು. ಕೆಡವಿ ಹಳೆಯ ಮಾದರಿಯಲ್ಲೇ ಹೊಸದಾಗಿ ಕಟ್ಟುತ್ತೇವೆ ಎಂದಿತು ಸರ್ಕಾರ. 2023ರಲ್ಲಿ ಹೈಕೋರ್ಟು ಅದಕ್ಕೆ ತಲೆದೂಗಿತು. ಅಜ್ಜನನ್ನು ಉಳಿಸಿಕೊಳ್ಳಲು ಆಗದು, ಆದರೆ ಅದೇ ಮೂಗಿನ ಇನ್ನೊಬ್ಬ ಅಜ್ಜನನ್ನು ತಂದು ಕೂರಿಸುತ್ತೇವೆ ಎಂದಂತೆ. ಅದಿರಲಿ, ಆ ನಾಲ್ಕು ಜನ ಸತ್ತದ್ದು ಕೆಡವಲು ತಡವಾದದ್ದಕ್ಕೂ ಹೌದು, ರಿಪೇರಿಗೆ ತಡವಾದದ್ದಕ್ಕೂ ಹೌದು. ಯಾವ ತಡಕ್ಕೆ ಎಂಬುದನ್ನು ತೀರ್ಮಾನಿಸಲು ಸಮಿತಿ ಬೇಕಾದೀತು.

ಹೊಸಕೋಟೆಯವರನ್ನು ಕೇಳಿ, ಸಮಿತಿಯಿಲ್ಲದೆಯೂ ಕೆಲಸ ಆಗುತ್ತದೆ. ಸುಗಟೂರಿನ ತಮ್ಮೇಗೌಡರು ಹದಿನಾರನೆಯ ಶತಮಾನದ ಕೊನೆಗೆ ಕೋಟೆ ಕಟ್ಟಿ ಊರಿಗೆ ಆ ಹೆಸರು ಬಂತು. ಈಗ ಬಸ್ಸಿನ ಬೋರ್ಡಿನಲ್ಲಿ ಉಳಿದಿರುವಷ್ಟು ಕೋಟೆ ನೆಲದ ಮೇಲೆ ಉಳಿದಿಲ್ಲ. ಅತ್ತ ವೈಟ್‌ಫೀಲ್ಡಿನಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ನರು ನೆಲೆಯೂರಿ ಕಟ್ಟಿದ ಒಳವೃತ್ತದ ಬಂಗಲೆಗಳು ಒಂದೊಂದಾಗಿ ಮಾಯವಾದವು. ಅವುಗಳಿಗೆ ದೊಡ್ಡ ಕೊರತೆಯೊಂದಿತ್ತು. ಮಾಲೀಕರ ಮಕ್ಕಳು ಅನೇಕರು ಪರದೇಶಕ್ಕೆ ಹೋದರು. ಎದುರುಬದುರು ಕೂತು ಜಗಳವಾಡಲು ಅಣ್ಣತಮ್ಮಂದಿರೇ ಊರಲ್ಲಿರಲಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಬೆಂಗಳೂರು ಗ್ರಾಮಾಂತರದಲ್ಲಿ ಹಳೆಯ ಮನೆಗಳನ್ನು ಕಾಯುತ್ತಿರುವ ಕಾಯ್ದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರ 39ನೇ ಆದೇಶ. ಯಥಾಸ್ಥಿತಿ ಕಾಪಾಡಿ ಎಂಬ ಎರಡು ಪದದ ಮಂತ್ರ. ಪರಂಪರೆ ತಜ್ಞರು ನೂರು ಪುಟದ ವರದಿ ಬರೆದು ಕೊನೆಗೆ ಕೇಳುವುದೂ ಅದನ್ನೇ ಅಲ್ಲವೇ? ತಜ್ಞರ ವರದಿಗೆ ಜಗ್ಗದ ಬಿಲ್ಡರು ಇದಕ್ಕೆ ಹೆದರುತ್ತಾನೆ. ಅವನಿಗೆ ಗಜಲಕ್ಷ್ಮಿಯ ಮಹತ್ವ ತಿಳಿಯದಿರಬಹುದು, ಎನ್‌ಕಂಬರೆನ್ಸ್ ಸರ್ಟಿಫಿಕೇಟಿನ ಮಹತ್ವ ತಿಳಿಯದ ಬಿಲ್ಡರು ಭೂಮಿಯ ಮೇಲಿಲ್ಲ.

ಎರಡನೆಯದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ. ಕರ್ನಾಟಕ ಇನ್ನೂ ಮೊದಲೇ, 1994ರಲ್ಲೇ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಇನ್ನಷ್ಟು ಗಟ್ಟಿಮಾಡಿತು. ಹೆಣ್ಣುಮಕ್ಕಳಿಗೆ ನ್ಯಾಯ ಕೊಡಲು ಮಾಡಿದ ಕಾನೂನು, ಜೊತೆಗೆ ತೊಟ್ಟಿಮನೆಗೂ ನ್ಯಾಯ ಸಿಕ್ಕಿತು. ಮುಂಚೆ ಕೆಡವಲು ಮೂರು ರುಜು ಸಾಕಿತ್ತು, ಈಗ ಏಳು ಬೇಕು. ಗೌರಿ ಹಬ್ಬಕ್ಕೆ ಒಂದು ಸೀರೆ, ಅರಿಶಿನ ಕುಂಕುಮ, ಅದರ ಕೆಳಗೆ ಮಡಿಸಿಟ್ಟ ಹಕ್ಕು ಬಿಡುಗಡೆ ಪತ್ರ. ಬಾಗಿನದ ಮೊರದಲ್ಲಿ ಸ್ಟಾಂಪ್ ಪೇಪರ್ ಕಂಡ ಅಕ್ಕತಂಗಿಯರು ಈಗೀಗ ಸೀರೆಯನ್ನಷ್ಟೇ ಎತ್ತಿಕೊಳ್ಳುತ್ತಾರೆ. ನಮ್ಮ ಯಜಮಾನರ ಅಕ್ಕ ಮಾಲೂರಿನಲ್ಲಿದ್ದಾರೆ. “ಅಪ್ಪ ತೀರ್ಕೊಂಡಾಗ ಆ ಪಡಸಾಲೆಯಾಗೆ ನಂಗೆ ಮಲಗಕ್ಕೆ ಒಂದ್ ಚಾಪೆ ಕೊಡ್ಲಿಲ್ಲ. ಈಗ ಪಡಸಾಲೆನೇ ಬೇಕು” ಎಂದು ಕೂತಿದ್ದಾರೆ. ಯಾವ ಪರಂಪರೆ ಪ್ರಾಧಿಕಾರ ಪಡಸಾಲೆಯೊಂದರ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲದು?

ದಾಯಾದಿಗಳ ಈ ಸೇವೆಯಲ್ಲಿ ಒಂದು ಲೋಪವಿದೆ, ಮುಚ್ಚಿಡಲಾರೆ. ತಡೆಯಾಜ್ಞೆಯನ್ನು ಮಳೆಗೆ ಜಾರಿ ಮಾಡಲು ಬರುವುದಿಲ್ಲ. ಗೆದ್ದಲು ಕಕ್ಷಿದಾರನಲ್ಲ. ಈಶಾನ್ಯದ ಮೂಲೆ ಆಗಲೇ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಹೀಗೇ ಇನ್ನೊಂದಷ್ಟು ಮಳೆಗಾಲ ವಾಯಿದೆ ನಡೆದರೆ ತೀರ್ಪು ಬರುವ ದಿನ ಹಂಚಿಕೊಳ್ಳಲು ಮಣ್ಣಿನ ಗುಡ್ಡೆ ಇರುತ್ತದೆ. ಆದರೂ ಇದು ಯಾರ ಅನುದಾನವೂ ಇಲ್ಲದ ಸಂರಕ್ಷಣೆ. ಅರ್ಧ ಶತಮಾನ ಕಾಯ್ದರು, ಎರಡೂ ಕಡೆಯ ಲಾಯರುಗಳ ಮಕ್ಕಳ ಮದುವೆ ಮಾಡಿದರು. ಒಂದು ಶಾಲು ಹೊದಿಸಿದವರಿಲ್ಲ.

ಇಂಥ ವ್ಯವಸ್ಥೆಗಿರುವ ಒಂದೇ ಶತ್ರು ರಾಜಿ. ಲೋಕ ಅದಾಲತ್ ದಿನ ಹತ್ತಿರವಾದಂತೆ ತೊಟ್ಟಿಮನೆಗಳ ಜಂತೆ ನಡುಗುತ್ತವೆಂದು ನನ್ನ ನಂಬಿಕೆ. ನ್ಯಾಯಾಧೀಶರು ಒಳ್ಳೆಯ ಮಾತಾಡುತ್ತಾರೆ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುತ್ತಾರೆ, ಅಣ್ಣತಮ್ಮ ಅಪ್ಪಿಕೊಂಡು ಅಳುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಹದಿನೈದನೆಯ ದಿನಕ್ಕೆ ಕಂಬಗಳು ಹಳೇ ಮರದ ವ್ಯಾಪಾರಿಯ ಲಾರಿ ಹತ್ತಿರುತ್ತವೆ. ಅಲ್ಲಿಂದ ಯಾವುದೋ ರೆಸಾರ್ಟಿಗೆ. ಅಲ್ಲಿ ಅವುಗಳಿಗೆ ಪಾಲಿಶ್ ಹೊಡೆದು, ಪಕ್ಕದಲ್ಲಿ ಮುದ್ದೆ ಬಸ್ಸಾರು ಇಟ್ಟು, ಹಳ್ಳಿಯ ಅನುಭವವೆಂದು ತೆರಿಗೆ ಸಮೇತ ಬಿಲ್ಲು ಕೊಡುತ್ತಾರೆ. ಸೊಂಡಿಲಿಲ್ಲದ ಆನೆ ರಿಸೆಪ್ಷನ್ನಿನಲ್ಲಿ ನಿಲ್ಲುತ್ತದೆ. ಇತ್ತ ಖಾಲಿ ಜಾಗದಲ್ಲಿ ಏಳುವ ಕಟ್ಟಡದ ಹೆಸರಿನಲ್ಲಿ ಹೆರಿಟೇಜ್ ಎಂಬ ಪದ ಕಡ್ಡಾಯ.

ಹೋದ ವಾರ ಯಜಮಾನರ ಫೋನು ಬಂತು. ದನಿಯಲ್ಲಿ ನಾನು ಹಿಂದೆ ಕೇಳದ ಉತ್ಸಾಹ.

“ಸಾ, ತಮ್ಮ ಮೆತ್ತಗಾಗವ್ನೆ. ಮಾಲೂರಕ್ಕನೂ ಒಪ್ಕೊಂಡ್ಳು. ಬರೋ ಅದಾಲತ್ತಿಗೆ ಮುಗಿಸ್ಕೊಂಡ್ಬಿಡೋಣ ಅಂತ.”

ಎದೆ ಧಸಕ್ಕೆಂದಿತು. ಒಳ್ಳೆಯದಾಯಿತು ಎಂದು ಬಾಯಿ ಅಂದಿತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಪ್ಲೇಗ್ ಕಳೆದ ಮೇಲೆ ಎದ್ದ ಗೋಡೆ, ಎರಡು ಮಹಾಯುದ್ಧ ಕಂಡ ತೊಟ್ಟಿ, ನಾಲ್ಕು ತಲೆಮಾರು ಬೆನ್ನು ಉಜ್ಜಿ ನುಣುಪಾದ ಕಂಬ. ಬೆಳಿಗ್ಗೆ ಎದ್ದವನೇ ಬಸ್ಸು ಹತ್ತಿ ತಮ್ಮನ ಮನೆಗೇ ಹೋದೆ. ಎಲೆ ಅಡಿಕೆ ಆಯಿತು, ಮಳೆ ಬೆಳೆ ಆಯಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಸುಮ್ಮನೆ ನೆನಪಾದವನಂತೆ, ಅಂದೆ:

“ರಾಜಿ ಸ್ಕೆಚ್ ನೋಡಿದೆ ಕಣಪ್ಪ. ರಸ್ತೆ ಕಡೆ ಮೂಲೆ ಎಲ್ಲಾ ನಿಮ್ಮಣ್ಣನ ಪಾಲಿಗೇ ಹೋಗೋ ಹಾಗಿದೆ, ಅಲ್ವಾ?”

ಆತ ಬಾಯಿಗಿಟ್ಟ ಎಲೆಯನ್ನು ಅಗಿಯುವುದು ನಿಲ್ಲಿಸಿದ. ಒಳಗಿದ್ದ ಹೆಂಡತಿ ಈಚೆ ಬಂದಳು.

“ನಂಗೊತ್ತಿತ್ತು,” ಎಂದ. ಗೂಟದಲ್ಲಿದ್ದ ಷರಟು ಎಳೆದುಕೊಂಡು ಮಗನನ್ನು ಕೂಗಿದ. “ಲೋ, ಬೈಕ್ ತೆಗಿಯೋ. ಹೊಸಕೋಟೆಗೆ, ಲಾಯರ್ ಮನೆತಾವ.”

ವಾಪಸು ಬರುವಾಗ ತೊಟ್ಟಿಮನೆಯ ಮುಂದೆ ಹಾದುಬಂದೆ. ಜಗಲಿಯ ಮೇಲೆ ಯಜಮಾನರು ಎಲೆಗೆ ಸುಣ್ಣ ಸವರುತ್ತಿದ್ದರು. ಕೈ ಎತ್ತಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ, ಸ್ವಲ್ಪ ಮೇಲಕ್ಕೆ, ಗಜಲಕ್ಷ್ಮಿಗೂ ತಾಗುವಂತೆ.